ನಿನ್ನ ಹೊಲಿಗೆಯ ಬೆಲೆ ನೀನೇ ಹೇಳು

ಮಗಳೇ,

ಬಿ.ಕಾಂ. ಮುಗಿಯಿತು, ತೋರಣಗಲ್ಲಿನ ಕಡೆ ಕೆಲಸಕ್ಕೆ ಅರ್ಜಿ ಹಾಕಿದ್ದೀಯ, ಅದರ ಜೊತೆಗೇ ನಿನ್ನ ಯಾಡಿ (ಅವ್ವ) ಮತ್ತು ತಾಂಡಾದ ಹೆಣ್ಣುಮಕ್ಕಳು ಹಾಕುವ ಲಂಬಾಣಿ ಕಸೂತಿಯನ್ನು ಫೋನಿನಲ್ಲಿ ಮಾರಬೇಕೆಂದೂ ಹೊರಟಿದ್ದೀಯ ಅಂತ ನಿನ್ನಪ್ಪ ಹೇಳಿದ. ಬಹಳ ಸಂತೋಷವಾಯಿತು. ವಡ್ಡುವಿನ ಶಾಲೆಯಲ್ಲಿ ನಿನಗೆ ಮಗ್ಗಿ ಹೇಳಿಕೊಟ್ಟ ಟೀಚರ್ ನಾನು. ನಿಮ್ಮ ತಾಂಡಾದ ಕಟ್ಟೆಯ ಮೇಲೆ ಕೂತು ನಿಮ್ಮ ಹೆಂಗಸರು ಹೊಲಿಯುವುದನ್ನು ನೋಡುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ಆ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಮೊದಲು ಒಂದು ನೋಟ್ ಪುಸ್ತಕ ತೆಗೆದುಕೋ. ಫೋಟೊ, ಪೇಜು, ಅಂಗಡಿಗೊಂದು ಹೆಸರು, ಇವೆಲ್ಲ ಆಮೇಲೆ ಆಗಲಿ. ನಿನ್ನ ಯಾಡಿ ಸೂಜಿಗೆ ದಾರ ಪೋಣಿಸಿ ಕೂತ ಹೊತ್ತನ್ನೂ ಎದ್ದ ಹೊತ್ತನ್ನೂ ಬರೆ. ಒಂದು ದಿಂಬಿನ ಕವರ್ ಮುಗಿಯುವ ತನಕ ಬಿಡದೆ ಬರೆದು ಕೂಡಿಸು. ಮಾತಿಗೆ 40 ಗಂಟೆ ಆಯಿತು ಅಂದುಕೋ. ದಿನಕ್ಕೆ 8 ಗಂಟೆಯಂತೆ ಅದು 5 ದಿನದ ಕೆಲಸ. 2025ರ ಏಪ್ರಿಲ್‌ನಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಆಗಿತ್ತು. ಕೆರೆಯ ಹೂಳು ತೆಗೆಯುವ ಕೈಗೆ ಸರ್ಕಾರ ಕಟ್ಟಿದ ಬೆಲೆ ಅದು. ಅದನ್ನೇ ಹಿಡಿದರೂ ಬರೀ ಕೈಕೂಲಿ 1,850 ರೂಪಾಯಿ ಆಯಿತು. ಬಟ್ಟೆ, ದಾರ, ಕನ್ನಡಿ, ಕವಡೆ, ಒಗೆದು ಇಸ್ತ್ರಿ ಮಾಡಿದ್ದು, ಕೊರಿಯರ್, ಹಾಳಾದ ಮಾಲು, ನಿನ್ನ ಫೋನಿನ ಖರ್ಚು, ಇವೆಲ್ಲ ಅದರ ಮೇಲೆ. ಈಗ ಯಾರೋ ಬಂದು ಅದೇ ಕವರ್ ಅನ್ನು 800 ರೂಪಾಯಿಗೆ ಕೇಳಿದರೆ ನಿನ್ನ ಯಾಡಿ ಕೈಯಿಂದ ಕಾಸು ಹಾಕಿ ಅವರ ಮನೆಯ ಸೋಫಾ ಸಿಂಗರಿಸಿದ ಹಾಗೆ ಆಯಿತಲ್ಲವೇ?

ಈ ಲೆಕ್ಕವನ್ನು ನಮ್ಮ ಕಡೆ ಮನೆಯಲ್ಲಿ ಕೂತು ಯಾರೂ ಹಾಕುವುದಿಲ್ಲ. ‘ಹೆಂಗಸರು ಬಿಡುವಿದ್ದಾಗ ಹೊಲಿಯುತ್ತಾರೆ, ಬಂದಷ್ಟು ಬರಲಿ’ ಎನ್ನುವ ಮಾತು ಒಂದಿದೆ. ಯಾವ ಬಿಡುವು? ಬೆಳಗ್ಗೆ ನೀರು, ರೊಟ್ಟಿ, ಎಮ್ಮೆ. ಆಮೇಲೆ ಹೊಲ, ಇಲ್ಲವೇ ಕೂಲಿ. ಸಂಜೆ ಮತ್ತೆ ಒಲೆ. ನಡುವೆ ಸಿಕ್ಕ ಹೊತ್ತಿನಲ್ಲಿ ಮಗ್ಗುಲು ಹಾಕದೆ ಸೂಜಿ ಹಿಡಿಯುತ್ತಾಳಲ್ಲ, ಅದು ನಿದ್ದೆಯಿಂದ ಕಿತ್ತುಕೊಂಡ ಹೊತ್ತು. ಸುಗ್ಗಿ ಮುಗಿದ ಮೇಲೆ ಕಬ್ಬು ಕಡಿಯಲು ಗುಳೆ ಹೋಗುವ ಮನೆಗಳಲ್ಲಿ ತಿಂಗಳುಗಟ್ಟಲೆ ಸೂಜಿಯೇ ಮೇಲೇಳುವುದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹೆಣ್ಣುಮಗಳಿಗೆ ಒಂದು ಪೀಸಿಗೆ ಇಷ್ಟು ಎಂಬ ರೇಟಾದರೂ ಗೊತ್ತಿರುತ್ತದೆ. ನಿನ್ನ ಯಾಡಿಗೆ ಅದೂ ಗೊತ್ತಿಲ್ಲ.

ಹೀಗಾಗಲು ಹಳೆಯ ಕಾರಣವಿದೆ, ಅದನ್ನು ತಿಳಿದುಕೋ. ಈ ಕಸೂತಿ ಮಾರಾಟಕ್ಕೆ ಹುಟ್ಟಿದ್ದಲ್ಲ. ನಿಮ್ಮ ಹಿರಿಯರು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಸುತ್ತಿ ಲದೇಣಿ ಮಾಡಿದವರು. ರಾಜರ ದಂಡಿಗೂ ಕಾಳು ಮುಟ್ಟಿಸಿದವರು. ದಾರಿಯ ಮೇಲೆಯೇ ಬದುಕು. ಹೆಂಗಸರ ಆಸ್ತಿ ಎಲ್ಲ ಮೈಮೇಲೆ. ಫೇಟಿಯಾ ಲಂಗ, ಕಾಂಚಳಿ ರವಿಕೆ, ತಲೆಯ ಮೇಲಿನ ಛಾಂಟಿಯಾ, ಹಣ ಇಡುವ ಚೀಲ, ಎತ್ತಿನ ಬೆನ್ನಿನ ಜೂಲ, ಎಲ್ಲಕ್ಕೂ ಕಸೂತಿ. ಮಗಳು ಗಂಡನ ಮನೆಗೆ ಹೋಗುವಾಗ ತಾಯಿ ಹೊಲಿದು ಕೊಟ್ಟದ್ದನ್ನು ಉಟ್ಟು ಹೋಗುತ್ತಿದ್ದಳು. ಅದಕ್ಕೆ ಬೆಲೆ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. 1880ರ ದಶಕದಲ್ಲಿ ಬಳ್ಳಾರಿಯಿಂದ ಹೊಸಪೇಟೆ, ಗದಗಿನ ಕಡೆ ರೈಲು ಬಂತು. ಎತ್ತಿನ ಸಾಲು ಹೊರುತ್ತಿದ್ದ ಸರಕನ್ನು ರೈಲು ಹೊತ್ತುಕೊಂಡು ಹೋಯಿತು. ಅದಕ್ಕೂ ಮೊದಲೇ, 1871ರಲ್ಲಿ, ಬ್ರಿಟಿಷರು ಒಂದು ಕಾಯ್ದೆ ತಂದು ದೇಶದ ಎಷ್ಟೋ ಅಲೆಮಾರಿ ಕುಲಗಳ ಮೇಲೆ ಹುಟ್ಟಾ ಅಪರಾಧಿಗಳೆಂಬ ಹಣೆಪಟ್ಟಿ ಅಂಟಿಸಿದ್ದರು. ಎತ್ತು ಹೋಯಿತು, ದಾರಿ ಹೋಯಿತು. ತಾಂಡಾ ಒಂದು ಕಡೆ ನೆಲೆ ನಿಂತಿತು. ಗಂಡಸರು ಕೂಲಿಗೆ, ಗಣಿಗೆ ಇಳಿದರು. ಹೆಂಗಸರ ಕೈಯಲ್ಲಿ ಸೂಜಿ ಮಾತ್ರ ಉಳಿಯಿತು. ಮುಂದೆ ಅದೇ ಸೂಜಿಯ ಕೆಲಸವನ್ನು ಕೊಳ್ಳಲು ಹೊರಗಿನವರು ಬಂದಾಗ ಬೆಲೆ ಹೇಳಿದವರು ಅವರೇ. ನಿಮ್ಮವರು ತಲೆ ಅಲ್ಲಾಡಿಸಿದರು. ಆ ಅಭ್ಯಾಸ ನಿನ್ನ ತಲೆಮಾರಿಗೆ ನಿಲ್ಲಬೇಕು.

ಹಾಗಂತ ಹಳೆಯದೆಲ್ಲ ಚಿನ್ನ, ಹೊಸದೆಲ್ಲ ಕೇಡು ಎಂದು ತಿಳಿಯಬೇಡ. ಗುಜರಾತಿನ ಕಚ್ಛದಲ್ಲಿ ಢೇಬರಿಯಾ ರಬಾರಿ ಎಂಬ ಪಶುಪಾಲಕ ಸಮುದಾಯವಿದೆ. ಅವರ ಹೆಂಗಸರ ಕನ್ನಡಿ ಕಸೂತಿಗೆ ದೊಡ್ಡ ಹೆಸರು. 1995ರಲ್ಲಿ ಆ ಸಮುದಾಯದ ಹಿರಿಯರೇ ಸೇರಿ, ಇನ್ನು ಮೇಲೆ ನಮ್ಮವರು ತಮಗಾಗಿ ಕಸೂತಿ ಹಾಕಿಕೊಳ್ಳಬಾರದು ಎಂದು ಕಟ್ಟು ಮಾಡಿದರು. ಮದುವೆಗೆ ಇಷ್ಟು ಕಸೂತಿ ಆಗಲೇಬೇಕು ಎಂಬ ರೂಢಿಯಿಂದ ಹುಡುಗಿಯರು ವರ್ಷಗಟ್ಟಲೆ ಹೊಲಿಯುತ್ತ ಕೂರಬೇಕಾಗಿತ್ತು. ಗಂಡನ ಮನೆಗೆ ಹೋಗುವುದೇ ತಡವಾಗುತ್ತಿತ್ತು. ಈ ಸಂಗತಿಯನ್ನು ಯಾಕೆ ಹೇಳಿದೆ ಎಂದರೆ, ಕಲೆ ಉಳಿಸಬೇಕು ಎನ್ನುವವರು ಹೊಲಿಯುವ ಹುಡುಗಿಯ ವಯಸ್ಸನ್ನೂ ಬೆನ್ನನ್ನೂ ಮರೆತೇಬಿಡುತ್ತಾರೆ. ನಿನ್ನ ತಂಗಿ ಹತ್ತನೇ ಕ್ಲಾಸಿನ ಪರೀಕ್ಷೆ ಬಿಟ್ಟು ಆರ್ಡರ್ ಮುಗಿಸಲು ಕೂತಳೆಂದು ನನಗೆ ಗೊತ್ತಾದರೆ, ನಾನೇ ಬಂದು ಅವಳ ಕೈಯಿಂದ ಸೂಜಿ ಕಿತ್ತಿಡುತ್ತೇನೆ. ಅದೇ ಕಚ್ಛದಲ್ಲಿ 1993ರಲ್ಲಿ ಶುರುವಾದ ಕಲಾರಕ್ಷಾ ಎಂಬ ಸಂಸ್ಥೆ, 2005ರಲ್ಲಿ ಕುಶಲಕರ್ಮಿಗಳಿಗೆಂದೇ ಒಂದು ವಿನ್ಯಾಸ ಶಾಲೆ ತೆರೆಯಿತು. ಪಟ್ಟಣದ ಡಿಸೈನರ್ ಚಿತ್ರ ಬರೆದು ಕೊಡುವುದು, ಹಳ್ಳಿಯ ಕೈ ಅದನ್ನು ತುಂಬುವುದು ಎಂಬ ಕ್ರಮವನ್ನು ಬಿಟ್ಟು, ಹೊಲಿಯುವವರೇ ವಿನ್ಯಾಸ ಮಾಡಲಿ ಎಂದು ಹೊರಟ ಶಾಲೆ. ನನಗೆ ಬಹಳ ಹಿಡಿಸಿದ ಯೋಚನೆ ಅದು.

ಇನ್ನು ಹೊಲಿಗೆಯ ಮಾತು. ನೀನು ಮಾರುವವಳಾಗುವ ಮೊದಲು ಹೊಲಿಯುವವಳಾಗಬೇಕು. ಕಾಲೇಜಿಗೆ ಹೋದ ಮೇಲೆ ನೀನು ಸೂಜಿ ಹಿಡಿದದ್ದು ಕಡಿಮೆ ಅಂತ ನಿನ್ನ ಯಾಡಿಯೇ ಅಂದಳು. ಸಂಡೂರು ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆ ಎಣಿಸುತ್ತಾರೆ: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ದೋರಾ, ಕೌದಿ, ರೇಲೊ, ಗದ್ರಿ, ಭುರಿಯಾ, ಪೋಟೆ, ಜೋಲ್ಯಾ, ನಕ್ರಾ. ಇವು ನಿನ್ನ ನಾಲಿಗೆ ಮೇಲೆ ಮಗ್ಗಿಯಂತೆ ಬರಬೇಕು. ಬೆಂಗಳೂರಿನ ಒಬ್ಬರು ಫೋನ್ ಮಾಡಿ ‘ಈ ಅಂಚಿನ ಡಿಸೈನ್ ಯಾವುದು’ ಎಂದರೆ, ‘ತಡೀರಿ, ಅವ್ವನ್ನ ಕೇಳಿ ಹೇಳ್ತೀನಿ’ ಎನ್ನುವವಳನ್ನು ಅವರು ಏಜೆಂಟ್ ಎಂದುಕೊಳ್ಳುತ್ತಾರೆ. ಹೆಸರು ಹೇಳಿ, ಹೇಗೆ ಹಾಕುತ್ತಾರೆಂದು ವಿವರಿಸಿದರೆ ಅವರು ಚೌಕಾಸಿಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ.

ಕನ್ನಡಿ ಕೂರಿಸುವುದನ್ನೇ ನೋಡು. ಬಿಲ್ಲೆಗೆ ತೂತಿರುವುದಿಲ್ಲ. ಬಟ್ಟೆಯ ಮೇಲೆ ಇಟ್ಟು, ಅದರ ಮೇಲೆ ಅಡ್ಡಕ್ಕೂ ಉದ್ದಕ್ಕೂ ದಾರ ಎಳೆದು ಬಿಗಿಯಾಗಿ ಒಂದು ಚೌಕ ಕಟ್ಟುತ್ತಾರೆ. ಆಮೇಲೆ ಸೂಜಿ ಆ ಚೌಕದ ದಾರವನ್ನು ಹಿಡಿದು ಬಟ್ಟೆಗೆ ಇಳಿಯುತ್ತದೆ, ಮತ್ತೆ ದಾರ ಹಿಡಿಯುತ್ತದೆ, ಮತ್ತೆ ಇಳಿಯುತ್ತದೆ. ಸುತ್ತು ಮುಗಿಯುವ ಹೊತ್ತಿಗೆ ಚೌಕ ಎಳೆದುಕೊಂಡು ದುಂಡಗಾಗಿ, ಕನ್ನಡಿಯ ಅಂಚನ್ನು ಬಿಗಿಯಾಗಿ ಹಿಡಿದಿರುತ್ತದೆ. ಮೊದಲ ಚೌಕ ಸಡಿಲವಾದರೆ ಮೇಲೆ ಎಷ್ಟು ಚೆಂದ ಹೊಲಿದರೂ ಕನ್ನಡಿ ಜಾರುತ್ತದೆ. ಇದನ್ನು ಯಾವ ಪುಸ್ತಕ ನೋಡಿಯೂ ಕಲಿಯಲಾಗದು. ಅಜ್ಜಿಯ ಪಕ್ಕ ಕೂತು, ಅವಳು ದಾರ ಎಷ್ಟು ಎಳೆಯುತ್ತಾಳೆ ಎಂದು ಬೆರಳಿನಲ್ಲೇ ಮುಟ್ಟಿ ನೋಡಬೇಕು. ಅಂಟು ಹಚ್ಚಿ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿದ ಮಾಲು ಸಂತೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಒಗೆದರೆ ಉದುರುತ್ತದೆ. ಕೊಳ್ಳುವವರಿಗೆ ಬಟ್ಟೆಯ ಹಿಂಭಾಗ ತಿರುಗಿಸಿ ತೋರಿಸು. ಅಲ್ಲಿ ದಾರದ ಓಡಾಟ ಕಾಣುತ್ತದೆ. ಕೈಯ ಕೆಲಸಕ್ಕೆ ಅದಕ್ಕಿಂತ ದೊಡ್ಡ ರುಜುವಾತು ಬೇಡ.

ಧಾರವಾಡದ ಕಸೂತಿಗೂ ನಿಮ್ಮದಕ್ಕೂ ವ್ಯತ್ಯಾಸ ಕೇಳುವವರು ಸಿಗುತ್ತಾರೆ. ಅಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು. ಇಳಕಲ್ ಸೀರೆಯ ಎಳೆ ಎಣಿಸಿ ಹಾಕುತ್ತಾರೆ, ಗೋಪುರ, ತೇರು, ಆನೆ ಮೂಡುತ್ತವೆ. ಗವಂತಿ, ಮುರ್ಗಿ ಹಾಕಿದರೆ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ನಿಮ್ಮದು ಗಟ್ಟಿ ಬಟ್ಟೆಯ ಮೇಲೆ ಒತ್ತೊತ್ತಾಗಿ ತುಂಬುವ ಕೆಲಸ. ತುಂಡು ಬಟ್ಟೆ ಜೋಡಿಸಿ, ಕನ್ನಡಿ, ಕವಡೆ, ನಾಣ್ಯ, ಮಣಿ ಕೂರಿಸಿ, ಕೆಂಪು, ನೀಲಿ, ಹಳದಿಯನ್ನು ಎದುರುಬದುರು ನಿಲ್ಲಿಸುವ ಕೆಲಸ. ಎರಡಕ್ಕೂ ಅದರದರ ಗತ್ತು ಇದೆ. ಒಂದನ್ನು ಹೊಗಳಲು ಇನ್ನೊಂದನ್ನು ತೆಗಳಬೇಡ.

ಇದನ್ನೆಲ್ಲ ನೆಟ್ಟಗೆ ಕಲಿಯಬೇಕೆಂದರೆ ಸಂಡೂರಿಗೆ ಹೋಗಿ ಕುಶಲ ಕಲಾ ಕೇಂದ್ರ ನೋಡಿ ಬಾ. 1980ರ ದಶಕದಲ್ಲಿ ಸಂಡೂರಿನ ಘೋರ್ಪಡೆ ಮನೆತನ ಮತ್ತು ಅವರ ಗಣಿ ಕಂಪನಿಯ ಆಸರೆಯಲ್ಲಿ ಕಟ್ಟಿದ ಕೇಂದ್ರ ಅದು. ಸುತ್ತಲಿನ ತಾಂಡಾಗಳ ಹೆಂಗಸರು ಮನೆಯಲ್ಲಿ ಹಾಕುತ್ತಿದ್ದ ಹೊಲಿಗೆಯನ್ನು ಕುರ್ತಾ, ಚೀಲ, ದಿಂಬು, ಗೋಡೆಯ ಮೇಲಿನ ಬಟ್ಟೆಯಾಗಿ ಹೊರಗಿನ ಜಗತ್ತಿಗೆ ಒಯ್ದದ್ದರಲ್ಲಿ ಅದರ ಪಾಲು ದೊಡ್ಡದು. ಸಂಡೂರು ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂದಿದೆ; ಯುನೆಸ್ಕೊದ ಗುಣಮಟ್ಟದ ಮುದ್ರೆಯೂ ಇಲ್ಲಿನ ಕೆಲಸಕ್ಕೆ ದಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಸಭೆ ನಡೆದಾಗ, ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ಕಸೂತಿ ವಸ್ತುಗಳನ್ನು ಒಂದೇ ಕಡೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ಪತ್ರಿಕೆಯಲ್ಲಿ ಆ ಸುದ್ದಿ ಓದಿ ನನಗೆ ಬಹಳ ಹೆಮ್ಮೆಯಾಯಿತು. ಆದರೆ ದಾಖಲೆ ಒಂದು ದಿನದ ಹಬ್ಬ. ಮರುದಿನದಿಂದ ಆ 450 ಮನೆಗೆ ಆರ್ಡರ್ ಬರಬೇಕಲ್ಲ, ಅದು ನಿನ್ನಂಥವರ ಕೆಲಸ.

ಜಿಐ ಅಂದೆ. ಅದನ್ನು ಬೋರ್ಡಿನ ಮೇಲಿನ ಬಿರುದು ಅಂದುಕೊಳ್ಳಬೇಡ. 1999ರಲ್ಲಿ ಕಾಯ್ದೆ ಆಯಿತು, 2003ರಲ್ಲಿ ಜಾರಿಗೆ ಬಂತು. ಇಂಥ ಊರಿನ ಇಂಥ ಮಾಲಿನ ಹೆಸರನ್ನು ಬೇರೆಯವರು ಅಂಟಿಸಿಕೊಂಡು ಮಾರಬಾರದು ಎಂಬುದು ಅದರ ತಿರುಳು. 10 ವರ್ಷಕ್ಕೊಮ್ಮೆ ನವೀಕರಿಸಬೇಕು. ಸಂಘಕ್ಕೆ ಮಾನ್ಯತೆ ಸಿಕ್ಕರೆ ಸಾಲದು. ಹೊಲಿಯುವವರು ಅಧಿಕೃತ ಬಳಕೆದಾರರು ಎಂದು ತಮ್ಮ ಹೆಸರನ್ನೂ ನೋಂದಾಯಿಸಬಹುದು. ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ನೀನು ಓದಿದವಳು, ಅರ್ಜಿ ತುಂಬುವುದು ನಿನಗೆ ಕಷ್ಟವಲ್ಲ. ನಿನ್ನ ಯಾಡಿ, ಚಿಕ್ಕಮ್ಮ, ಪಕ್ಕದ ಮನೆಯವರು, ಎಲ್ಲರ ಹೆಸರನ್ನೂ ಹಾಕಿಸಲು ನೋಡು. ಹೆಬ್ಬೆಟ್ಟು ಒತ್ತಿಸಬೇಡ, ಸಹಿ ಮಾಡುವುದನ್ನು ಕಲಿಸಿ ಸಹಿ ಹಾಕಿಸು.

ನಕಲಿನ ಕಾಟ ನಮಗೊಬ್ಬರಿಗೇ ಅಲ್ಲ. 2015ರಲ್ಲಿ ಪ್ಯಾರಿಸ್ಸಿನ ಹೆಸರಾಂತ ವಿನ್ಯಾಸಕಿ ಇಸಬೆಲ್ ಮರಾಂ ಅವರ ಒಂದು ರವಿಕೆ ತಮ್ಮ ಸಮುದಾಯದ ಕಸೂತಿಯ ನಕಲು ಎಂದು ಮೆಕ್ಸಿಕೊ ದೇಶದ ಒಹಾಕಾ ಪ್ರಾಂತ್ಯದ ತ್ಲಾಹುಯಿತೊಲ್ತೆಪೆಕ್ ಎಂಬ ಬೆಟ್ಟದೂರಿನ ಮೂಲನಿವಾಸಿಗಳು ದನಿ ಎತ್ತಿದರು. ಸುಮ್ಮನೆ ಗೊಣಗಲಿಲ್ಲ, ಪತ್ರಿಕೆಗಳ ಮುಂದೆಯೇ ಹೇಳಿದರು. ಇಂಥ ಹಲವು ಜಗಳಗಳಾದ ಮೇಲೆ 2022ರಲ್ಲಿ ಆ ದೇಶ ಮೂಲನಿವಾಸಿಗಳ ಕಲೆಯನ್ನು ಕಾಯಲು ಕಾನೂನನ್ನೇ ತಂದಿತು. ಹಾಗೆ ದನಿ ಎತ್ತಬೇಕಾದರೆ ತೋರಿಸಲು ಹಳೆಯ ರವಿಕೆ ಪೆಟ್ಟಿಗೆಯಲ್ಲಿ ಇರಬೇಕು ಎನ್ನುವುದನ್ನು ಗಮನಿಸು.

ನಿಮ್ಮ ಪೆಟ್ಟಿಗೆಯಲ್ಲಿ ಇದೆಯೇ? ಈ ವಿಷಯ ಮಾತಾಡುವಾಗ ನನಗೆ ಹೊಟ್ಟೆ ಉರಿಯುತ್ತದೆ. ಹಂಪಿಯ ಬೀದಿಯಲ್ಲಿ, ಗೋವಾದ ಅಂಜುನಾ ಸಂತೆಯಲ್ಲಿ ಹಳೆಯ ಫೇಟಿಯಾ, ಕಾಂಚಳಿಗಳನ್ನು ಕತ್ತರಿಸಿ ಚೀಲ, ಬೆಲ್ಟು ಮಾಡಿ ಮಾರುತ್ತಾರೆ. ಕಷ್ಟ ಬಂದಾಗ ಮನೆಯವರೇ ಕೊಟ್ಟಿರುತ್ತಾರೆ, ಅವರನ್ನು ನಾನು ದೂರುವುದಿಲ್ಲ. ಆಸ್ಪತ್ರೆಗೆ ದುಡ್ಡು ಬೇಕಾದಾಗ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಆದರೆ ಒಂದು ಹಳೆಯ ಫೇಟಿಯಾ ಹೋದರೆ ಅದರ ಅಂಚಿನ ಲೆಕ್ಕ, ಬಣ್ಣದ ಜೋಡಣೆ, ಆ ಅಜ್ಜಿ ಮಾತ್ರ ಹಾಕುತ್ತಿದ್ದ ಒಂದು ತಿರುವು ಎಲ್ಲ ಹೋಯಿತು. ನಿನ್ನ ಅಜ್ಜಿಯದನ್ನು ಮಾರಬೇಡ, ಮಾರಲು ಬಿಡಬೇಡ. ಬೇವಿನ ಎಲೆ ಹಾಕಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇಡು. ತಾಂಡಾದ ಮನೆಮನೆಗೆ ಹೋಗಿ ಹಳೆಯ ಉಡುಪಿನ ಮುಂದೆ ಹಿಂದೆ ಫೋಟೊ ತೆಗೆದು, ಯಾರು ಹೊಲಿದದ್ದು, ಯಾರ ಮದುವೆಗೆ, ಯಾವ ಹೊಲಿಗೆ ಎಂದು ಬರೆದಿಡು. ನಿನ್ನ ಫೋನಿನಿಂದ ಆಗಬೇಕಾದ ಮೊದಲ ಕೆಲಸ ಇದು. ಹಳೆಯ ನಮೂನೆ ನೋಡಿ ಹೊಸ ಬಟ್ಟೆಯ ಮೇಲೆ ಹಾಕಿ, ಹೊಸದನ್ನು ಮಾರಿ.

ಸುತ್ತಲಿನವರನ್ನೂ ನೋಡಿ ಕಲಿ. ನಮ್ಮ ಸೀಮೆ ಕೈಕೆಲಸದವರಿಂದ ತುಂಬಿದೆ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆ ಮಾಡುತ್ತಾರೆ, ಅದಕ್ಕೂ ಜಿಐ ಇದೆ. ಆನೆಗುಂದಿಯಲ್ಲಿ 1997ರಿಂದ ಕಿಷ್ಕಿಂಧಾ ಟ್ರಸ್ಟ್ ಇದೆ. ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುತ್ತಿದ್ದ ಬಾಳೆಯ ದಿಂಡಿನಿಂದ ನಾರು ತೆಗೆದು, ಹುರಿ ಮಾಡಿ, ಹೆಂಗಸರು ಬುಟ್ಟಿ, ಚಾಪೆ, ಚೀಲ ಹೆಣೆಯುತ್ತಾರೆ. ಇದು ಹಿಂದಿನಿಂದ ಬಂದ ಕಲೆಯಲ್ಲ, ನಮ್ಮ ಕಣ್ಣೆದುರೇ ಬೇರು ಬಿಟ್ಟದ್ದು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರು ಕೇಳಿರಬೇಕು. ತೊಗಲುಗೊಂಬೆ ಆಡಿಸುತ್ತಲೇ ತೊಂಬತ್ತು ದಾಟಿದ ತಾಯಿ. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯ ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲೇ ಬಂದಿತ್ತು. ದಿಲ್ಲಿಯ ತನಕ ಹೋದವರು ನಮ್ಮ ಪಕ್ಕದ ಊರಿನವರೇ. ಆದರೂ ಅವರ ಹತ್ತಿರ ಕೂತು ಕಲಿಯಲು ಎಷ್ಟು ಮಕ್ಕಳನ್ನು ಕಳಿಸಿದ್ದೇವೆ? ಪ್ರಶಸ್ತಿಯ ದಿನ ಹಾರ ಹಾಕಲು ಮುಗಿಬೀಳುವ ನಾವು, ಆಟ ಆಡಿಸಲು ಕರೆಯುವುದನ್ನು ಮರೆಯುತ್ತೇವೆ.

ಕಂಪ್ಲಿಯ ಹೊಳೆದಂಡೆಗೆ ಹೋದಾಗ ಹರಿಗೋಲು ನೋಡು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪಯಣಿಗ ಡೊಮಿಂಗೊ ಪಾಯಸ್, ಆನೆಗುಂದಿಯಲ್ಲಿ ಜನ ಬುಟ್ಟಿಯಂಥ ದುಂಡು ದೋಣಿಯಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಆಗ ಬಿದಿರಿನ ಹೆಣಿಗೆಗೆ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲದ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಹೊದಿಕೆ ಬದಲಾಯಿತು, ಹೆಣಿಗೆ ಬದಲಾಗಲಿಲ್ಲ. ಹೊಳೆ ದಾಟುವವರು ಇರುವ ತನಕ ಹೆಣೆಯುವವರೂ ಇದ್ದಾರೆ. ನಿನ್ನ ಕೆಲಸದಲ್ಲೂ ಬದಲಾಗಬಹುದಾದದ್ದು ಯಾವುದು, ಬಿಡಬಾರದ್ದು ಯಾವುದು ಎಂದು ಯೋಚಿಸು. ನನ್ನ ಅನಿಸಿಕೆ ಹೇಳಬೇಕೆಂದರೆ, ಫೇಟಿಯಾ ಹೋಗಿ ಲ್ಯಾಪ್‌ಟಾಪ್ ಚೀಲ ಬರಲಿ, ಅಡ್ಡಿಯಿಲ್ಲ. ಕಡುಗೆಂಪಿನ ಬದಲು ಒಬ್ಬರಿಗೆ ತಿಳಿನೀಲಿ ಬೇಕಾದರೆ ಕೊಡು. ಆದರೆ ಹೊಲಿಗೆಯನ್ನು ತೆಳುಮಾಡಬೇಡ. ಹತ್ತು ಸಾಲು ಇರುವ ಕಡೆ ನಾಲ್ಕು ಸಾಲು ಹಾಕಿ ಬೇಗ ಮುಗಿಸಿ ಅಗ್ಗಕ್ಕೆ ಕೊಟ್ಟರೆ, ಮಶೀನು ಅದನ್ನು ನಿನಗಿಂತ ಅಗ್ಗಕ್ಕೆ ಕೊಡುತ್ತದೆ. ಮಶೀನಿನ ಜೊತೆ ಅಗ್ಗದಲ್ಲಿ ಓಡಿದವರು ಯಾರೂ ಗೆದ್ದಿಲ್ಲ. ಬೇಕಾದರೆ ಸಣ್ಣ ವಸ್ತು ಮಾಡು: ಕೀ ಚೈನು, ಪರ್ಸು, ಕೊರಳಪಟ್ಟಿ. ಸಣ್ಣದಾಗಲಿ, ಸೊರಗಿದ್ದಾಗಬಾರದು.

ಇನ್ನು ಕೆಲವು ಸಣ್ಣ ಮಾತು, ಮನೆಯ ಹೆಂಗಸು ಹೇಳುವಂಥವು. ನಮ್ಮ ಕಡೆ ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕ ಬಿಳಿ ಬಟ್ಟೆ ಅರ್ಧ ದಿನ ಹೊರಗಿದ್ದರೆ ಕೆಂಪಡರುತ್ತದೆ. ಹೊಲಿಯುವ ಬಟ್ಟೆಯನ್ನು ಮುಚ್ಚಿದ ಡಬ್ಬಿಯಲ್ಲಿಡಿ, ಕೈ ತೊಳೆದು ಮುಟ್ಟಿ. ಬಟ್ಟೆ, ದಾರ ತಂದ ದಿನವೇ ಒಂದು ತುಂಡನ್ನು ನೀರಿನಲ್ಲಿ ನೆನೆಸಿ ಬಣ್ಣ ಬಿಡುತ್ತದೆಯೇ ನೋಡು. ಹತ್ತು ದಿನ ಹೊಲಿದ ಮೇಲೆ ಕೆಂಪು ಬಿಳಿಗೆ ಹತ್ತಿದರೆ ಅಳುವುದೊಂದೇ ಉಳಿಯುವುದು. ನಲವತ್ತು ದಾಟಿದವರನ್ನೆಲ್ಲ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಕಣ್ಣು ತೋರಿಸು. ಕನ್ನಡಕ ಹಾಕಿಕೊಂಡರೆ ನಗುತ್ತಾರೆಂದು ಕಣ್ಣು ಕಿರಿದು ಮಾಡಿಕೊಂಡು ಹೊಲಿಯುವವರು ನಿಮ್ಮ ತಾಂಡಾದಲ್ಲಿ ಬಹಳ ಮಂದಿ. ದೀಪ ಹಚ್ಚಿದ ಮೇಲೆ ಹೊಲಿಗೆ ಬೇಡ. ಆರ್ಡರ್ ಒಪ್ಪುವಾಗ ದಿನವನ್ನು ಹಗಲಿನ ಬೆಳಕಿನಲ್ಲಿ ಎಣಿಸು. ಹಬ್ಬ, ಮದುವೆ, ಸುಗ್ಗಿ ಕಳೆದು ಎಣಿಸು. ದೀಪಾವಳಿಯ ಮೇರಾ ಹಾಡುವ ಹುಡುಗಿಯರನ್ನು ಹೊಲಿಗೆಗೆ ಕೂರಿಸಬೇಡ. ಆ ಹಾಡೂ ಈ ಹೊಲಿಗೆಯೂ ಒಂದೇ ಮನೆಯ ಆಸ್ತಿ.

ಹಣದ ವಿಷಯದಲ್ಲಿ ಕಟ್ಟುನಿಟ್ಟಾಗಿರು. ಅರ್ಧ ಮುಂಗಡ ಇಲ್ಲದೆ ಬಟ್ಟೆಗೆ ಕತ್ತರಿ ಹಾಕಬೇಡ. ಮಾಲು ಕೊಟ್ಟು ದುಡ್ಡಿಗೆ ಅಲೆದ ಹೆಂಗಸರ ಕತೆ ಊರೂರಲ್ಲಿ ಇದೆ. ಬಂದ ಹಣ ಹೊಲಿದವಳ ಖಾತೆಗೇ ಹೋಗಲಿ, ಗಂಡನ ಖಾತೆಗೆ ಬೇಡ. ಇದನ್ನು ಹೇಳಿದರೆ ತಾಂಡಾದಲ್ಲಿ ಒಂದಿಬ್ಬರಿಗೆ ಸಿಟ್ಟು ಬರಬಹುದು, ನಾಯಕರನ್ನೂ ಕಾರಭಾರಿಯನ್ನೂ ಕೂರಿಸಿಕೊಂಡು ಮೊದಲೇ ಮಾತಾಡು. ಪ್ರತಿ ವಸ್ತುವಿಗೂ ಒಂದು ಚೀಟಿ ಹೊಲಿ: ಹೊಲಿದವಳ ಒಪ್ಪಿಗೆ ಕೇಳಿ ಅವಳ ಹೆಸರು, ತಾಂಡಾದ ಹೆಸರು, ಹಿಡಿದ ಗಂಟೆ. ಗಂಟೆ ಬರೆದ ಚೀಟಿ ನೋಡಿದವರು ಬೆಲೆಗೆ ಎಳೆದಾಡುವುದು ಕಡಿಮೆ.

ಸರ್ಕಾರದ್ದು ಏನೇನು ಸಿಗುತ್ತದೆ ಎಂದು ಕೇಳಿದ್ದೀಯಂತೆ. ಕೇಂದ್ರ ಸರ್ಕಾರದ ಕರಕುಶಲ ಇಲಾಖೆ ಕುಶಲಕರ್ಮಿಗಳಿಗೆ ಪೆಹಚಾನ್ ಎಂಬ ಗುರುತಿನ ಕಾರ್ಡ್ ಕೊಡುತ್ತದೆ. ಕರಕುಶಲ ಮೇಳಗಳಲ್ಲಿ, ದಿಲ್ಲಿ ಹಾಟ್‌ನಂಥ ಕಡೆ ಮಳಿಗೆ ಕೇಳಲು ಅದು ಆಧಾರ. 1964ರಲ್ಲಿ ಶುರುವಾದ ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ್ದು ಕಾವೇರಿ ಮಳಿಗೆಗಳು. ಅಲ್ಲಿಗೂ ನಮೂನೆ ಒಯ್ದು ತೋರಿಸು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿ ಇದೆ, ಗೊಂಬೆ ಮಾಡುವವರಿದ್ದಾರೆ, ಬುಟ್ಟಿ ಹೆಣೆಯುವವರಿದ್ದಾರೆ, ಕಸೂತಿ ಇಲ್ಲ. ಸಾಲ ಮಾಡಿಸಿಕೊಡುತ್ತೇನೆಂದು ಯಾರಾದರೂ ನಿನ್ನ ಯಾಡಿಯನ್ನು ದರ್ಜಿ ಎಂದು ಬರೆಸಲು ಬಂದರೆ ಒಪ್ಪಬೇಡ. ಅವಳು ದರ್ಜಿಯಲ್ಲ, ಕಸೂತಿ ಹಾಕುವವಳು. ಆ ಪಟ್ಟಿಗೆ ಕಸೂತಿಯನ್ನೂ ಸೇರಿಸಿ ಎಂದು ಶಾಸಕರಿಗೆ, ಸಂಸದರಿಗೆ ಅರ್ಜಿ ಬರೆಯುವುದೇ ಸರಿಯಾದ ದಾರಿ. ಬರೆ, ನಾನೂ ಸಹಿ ಹಾಕುತ್ತೇನೆ.

ಕೊನೆಯದಾಗಿ ನೌಕರಿಯ ಮಾತು. ಬಂದರೆ ಹಿಡಿ. ಕಲೆಗಾಗಿ ನೌಕರಿ ಬಿಡು ಎಂದು ನಾನು ಹೇಳುವುದಿಲ್ಲ, ಹೇಳಿದವರ ಮಾತನ್ನೂ ಕೇಳಬೇಡ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಒಂದೇ ಆದಾಯ ನೆಚ್ಚಿದ ಮನೆಗಳು ಹೇಗೆ ತತ್ತರಿಸಿದವು ಎಂಬುದನ್ನು ಸಂಡೂರು ಸೀಮೆ ನೋಡಿದೆ. ಮನೆಗೆ ಎರಡು ದಾರಿಯ ದುಡ್ಡು ಬರಲಿ. ನಿನ್ನ ಸಂಬಳ ಬರುವ ಮನೆಯಲ್ಲಿ ನಿನ್ನ ಯಾಡಿ ‘ಈ ಬೆಲೆಗೆ ಕೊಡಲ್ಲ’ ಎಂದು ಧೈರ್ಯವಾಗಿ ಹೇಳಬಲ್ಲಳು. ನಾಳೆಯ ಅಕ್ಕಿಗೆ ದಾರಿ ಇಲ್ಲದವಳು ಹಾಗೆ ಹೇಳಲಾರಳು. ವಾರದ ರಜೆಯ ದಿನ ಲೆಕ್ಕ, ಪತ್ರ, ಫೋಟೊ ನೋಡಿಕೋ. ಸಂಜೆ ಒಂದು ಗಂಟೆ ಅಜ್ಜಿಯ ಪಕ್ಕ ಕೂತು ಕಿಲನ್‌ನಿಂದ ಶುರು ಮಾಡು. ಅಜ್ಜಿಗೆ ಎಂಬತ್ತಾಗುತ್ತ ಬಂತು, ಕೈ ಇನ್ನೂ ನಡುಗುತ್ತಿಲ್ಲ. ಈ ವರ್ಷವೇ ಕಲಿ.

ಪೆಹಚಾನ್ ಕಾರ್ಡಿನ ಅರ್ಜಿಗೆ ಆಧಾರ್, ಬ್ಯಾಂಕ್ ಪುಸ್ತಕ, ಫೋಟೊ ಜೋಡಿಸಿಟ್ಟುಕೋ. ಮುಂದಿನ ವಾರ ಸಂಡೂರಿನ ಕೇಂದ್ರಕ್ಕೆ ಹೋಗೋಣ, ನಿನ್ನ ಯಾಡಿಯನ್ನೂ ಕರೆದುಕೊಂಡು ಬಾ. ಅಲ್ಲಿ ಕೇಳಬೇಕಾದದ್ದನ್ನು ಅವಳೇ ಕೇಳಲಿ.